ಎಂಜಲಲ್ಲಿ ಸಿಟ್ಟು ಹುಡುಕುವ ಜೀನ್ ಕಿಟ್: 5ಕ್ಕೆ 1 ಅಂಕ

ಮಗು ಮಾತೆತ್ತಿದರೆ ಹೊಡೆಯುತ್ತದೆ, ಸಿಕ್ಕಿದ್ದನ್ನು ಎಸೆಯುತ್ತದೆ ಎಂದು ಕಂಗೆಟ್ಟವರು, ಸಿಟ್ಟಿಗೆ ಕಾರಣವೆನ್ನಲಾಗುವ ‘ಯೋಧ ಜೀನ್’ನ ವರದಿ ಕೊಡುವ ಎಂಜಲು ಕಿಟ್‌ಗಳನ್ನು ತರಿಸಿಕೊಳ್ಳುವುದುಂಟು. ಆ ವರದಿಗಾಗಿ ದುಡ್ಡು ಕೊಡಬೇಡಿ.

ಮಾದರಿ ತೆಗೆಯುವ ವ್ಯವಸ್ಥೆಯಲ್ಲಿ ದೋಷವಿಲ್ಲ. ಅರ್ಧ ಗಂಟೆ ಮೊದಲಿನಿಂದ ಊಟ, ನೀರು, ಹಲ್ಲುಜ್ಜುವುದು ಬೇಡ. ಕೊಳವೆಯ ಗೆರೆಯವರೆಗೆ, ಸಾಮಾನ್ಯವಾಗಿ 2 ಮಿ.ಲೀ., ಎಂಜಲು ತುಂಬಿ, ದ್ರಾವಣ ಬೆರೆಯುವಂತೆ ಅಲ್ಲಾಡಿಸಬೇಕು. ನೊರೆಯನ್ನೂ ಲೆಕ್ಕಕ್ಕೆ ಹಿಡಿದರೆ ಡಿಎನ್‌ಎ ಸಾಲದೆ ಮಾದರಿ ತಿರಸ್ಕೃತವಾಗಬಹುದು.

ತೊಂದರೆ ಇರುವುದು ಓದುವಲ್ಲಿ. ‘ಯೋಧ ಜೀನ್’ ಎಂದು ಕರೆಯುವುದು ಎಂಎಒಎ ಎಂಬ ಜೀನನ್ನು. ಅದು ಕೊಡುವ ಕಿಣ್ವ ಮಿದುಳಿನಲ್ಲಿ ಸಂದೇಶ ಸಾಗಿಸುವ ಸೆರೊಟೋನಿನ್, ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳನ್ನು ಒಡೆಯುತ್ತದೆ. ಜೀನ್‌ನ ಬಾಗಿಲಲ್ಲೇ 30 ಡಿಎನ್‌ಎ ಅಕ್ಷರಗಳ ತುಂಡೊಂದು ಕೆಲವರಲ್ಲಿ 3 ಸಲ, ಕೆಲವರಲ್ಲಿ 4 ಸಲ ಬರುತ್ತದೆ. 3 ಇದ್ದರೆ ‘ಕಡಿಮೆ ಚಟುವಟಿಕೆ’ ಎನ್ನುತ್ತಾರೆ. ಇದನ್ನು ಎಣಿಸಲು ಪಿಸಿಆರ್ (ಡಿಎನ್‌ಎ ತುಂಡನ್ನು ಲಕ್ಷಾಂತರ ಪ್ರತಿ ಮಾಡುವ ವಿಧಾನ) ಮಾಡಿ ತುಂಡಿನ ಉದ್ದ ಅಳೆಯಬೇಕು. ಕಿಟ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಚಿಪ್ ಬಿಡಿ ಅಕ್ಷರಗಳನ್ನಷ್ಟೇ ಓದುತ್ತದೆ. ಹಾಗಾಗಿ ಪಕ್ಕದ ಅಕ್ಷರ ನೋಡಿ 3 ಇರಬಹುದೆಂದು ಊಹಿಸುತ್ತಾರೆ. ಜೀನ್ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಹೆಣ್ಣುಮಕ್ಕಳಲ್ಲಿ ಎರಡು ಪ್ರತಿ. ಎರಡೂ ಬೇರೆ ಬೇರೆಯಾಗಿದ್ದರೆ ಯಾವುದು ಎಲ್ಲಿ ಕೆಲಸ ಮಾಡುತ್ತಿದೆ ಎಂದು ಎಂಜಲು ಹೇಳಲಾರದು.

ಎಣಿಕೆ ಸರಿಯಿದ್ದರೂ ಅರ್ಥ ತಪ್ಪುತ್ತದೆ. 1993ರಲ್ಲಿ ನೆದರ್‌ಲೆಂಡ್ಸ್‌ನ ಒಂದು ಕುಟುಂಬದ ಗಂಡಸರಲ್ಲಿ ಆಕ್ರಮಣಶೀಲತೆಯ ಜೊತೆ ಪತ್ತೆಯಾದದ್ದು ಈ ಜೀನ್ ಪೂರ್ತಿ ಕೆಟ್ಟ ಅತ್ಯಪರೂಪದ ಸ್ಥಿತಿ. 3 ಸಲದ ತುಂಡು ಎಷ್ಟೋ ಜನರಲ್ಲಿ ಸಹಜವಾಗಿ ಇರುವಂಥದ್ದು. 2002ರಲ್ಲಿ ನ್ಯೂಜಿಲೆಂಡಿನ ಡುನೆಡಿನ್ ಅಧ್ಯಯನ, ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿದ ಗಂಡಸರಲ್ಲಿ ಮಾತ್ರ ಅದಕ್ಕೂ ಹಿಂಸೆಗೂ ನಂಟು ಕಂಡಿತು. ಜೀನ್ ಒಂದರಿಂದಲೇ ಅಲ್ಲ. ಬೇಗ ಕೆರಳಿ ತಡವಾಗಿ ತಣಿಯುವುದು ಒಂದಷ್ಟು ಮಟ್ಟಿಗೆ ಹುಟ್ಟುಗುಣವೇ ಸರಿ, ಆದರೆ ಅದು ಅನೇಕ ಜೀನ್‌ಗಳಲ್ಲಿ ಹರಡಿದೆ. ಏಳು ವರ್ಷದ ಮಗುವಿನ ಹೆಸರಿನ ಮುಂದೆ ‘ಯೋಧ’ ಎಂದು ಅಚ್ಚಾದರೆ ಅದನ್ನು ಅಳಿಸುವುದು ಬಹಳ ಕಷ್ಟ.

ಜೊತೆಗೆ ಮಾರುವ ಮೂತ್ರದ ಸೆರೊಟೋನಿನ್ ಪರೀಕ್ಷೆಯೂ ಬೇಡ. ದೇಹದ ಸೆರೊಟೋನಿನ್‌ನ ಬಹುಪಾಲು ಕರುಳಿನದು, ಅದು ಮಿದುಳಿಗೆ ದಾಟುವುದಿಲ್ಲ.

ಕಿಟ್‌ನ ಬದಲು ಒಂದು ನೋಟ್‌ಬುಕ್ ಸಾಕು. ಎರಡು ವಾರ ಪ್ರತಿ ರಂಪಾಟಕ್ಕೂ ಬರೆಯಿರಿ: ಸಮಯ, ಹಿಂದಿನ ರಾತ್ರಿಯ ನಿದ್ದೆ, ಹಸಿವು, ಮೊದಲು ಏನಾಯಿತು, ಎಷ್ಟು ನಿಮಿಷ ನಡೆಯಿತು, ಕೊನೆಗೆ ಮಗುವಿಗೆ ಏನು ಸಿಕ್ಕಿತು. ಹೆಚ್ಚಾಗಿ ಮರೆಯುವುದು ಈ ಕೊನೆಯದನ್ನೇ. ಅತ್ತಾಗ ಮೊಬೈಲ್ ಸಿಕ್ಕರೆ ಮರುದಿನವೂ ಅಳು ಬರುತ್ತದೆ. ಆ ನೋಟ್‌ಬುಕ್ ಹಿಡಿದು ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗಕ್ಕೆ ಹೋಗಿ. ದೂರದ ಊರಿನವರು ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ (14416) ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.