ಮರಗಸಿಗೆ ಯಾವ ಕುಣಿಕೆ: ಬೋಲೈನೋ, ಎಂಟರ ಗಂಟೋ?

ಮಳೆ ಹಿಡಿಯುವ ಮುಂಚೆ ಸಕಲೇಶಪುರದ ಕಡೆ ಕಾಫಿ ತೋಟಗಳಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮುಗಿಯಬೇಕು. ಕಡಿದ ಕೊಂಬೆ ಗಿಡದ ಮೇಲೆ ದೊಪ್ಪನೆ ಬೀಳದಂತೆ ಹಗ್ಗ ಕಟ್ಟಿ ಇಳಿಸುತ್ತೇವೆ. ಈ ಸಲ 12 ಮಿ.ಮೀ. ನೈಲಾನ್ ಹಗ್ಗಕ್ಕೆ ಬೇರೆ ಬೇರೆ ಕುಣಿಕೆ ಹಾಕಿ ನೋಡಿದೆ.

ಜೀರುಗುಣಿಕೆ ಎಲ್ಲರ ಕೈಗೂ ಬರುತ್ತದೆ. ಎಳೆದಷ್ಟೂ ಬಿಗಿ. ದಿಮ್ಮಿ ಎಳೆಯಲು, ಸೌದೆ ಹೊರೆಗೆ ಸಾಕು. ಆದರೆ ಕೊಂಬೆ ಪಕ್ಕದ ಮರಕ್ಕೆ ಆತುಕೊಂಡು ಭಾರ ತಪ್ಪಿತೋ, ಕುಣಿಕೆಯೂ ಸಡಿಲ. ದನದ ಕೊರಳಿಗಂತೂ ಬೇಡವೇ ಬೇಡ, ಬೆದರಿ ಜಗ್ಗಿದರೆ ಉಸಿರು ಕಟ್ಟುತ್ತದೆ.

ಪೈಪೋಟಿ ಇರುವುದು ಉಳಿದೆರಡಕ್ಕೆ.

ಬೋಲೈನ್ ಹಾಕುವುದು ಹೀಗೆ: ಭಾರ ಹೊರುವ ಹಗ್ಗದಲ್ಲಿ ಒಂದು ಪುಟ್ಟ ಸುತ್ತು ಮಾಡಿ, ತುದಿಯನ್ನು ಅದರೊಳಗೆ ಕೆಳಗಿನಿಂದ ತೂರಿಸಿ, ಮೇಲಿನ ಹಗ್ಗದ ಹಿಂದಿನಿಂದ ಬಳಸಿ ತಂದು, ಅದೇ ತೂತಿಗೆ ವಾಪಸ್ ಇಳಿಸಬೇಕು. ಕುಣಿಕೆಯ ಅಳತೆ ಬದಲಾಗದು. ದಪ್ಪ ಕೊಂಬೆ ಇಳಿಸಿದ ಮೇಲೂ, ಗಂಟಿನ ಬೆನ್ನ ಮೇಲಿರುವ ಬಳಸನ್ನು ಹೆಬ್ಬೆರಳಲ್ಲಿ ಮುಂದಕ್ಕೆ ದಬ್ಬಿದರೆ ಬಿಚ್ಚಿಕೊಳ್ಳುತ್ತದೆ. ಭಾರ ತೂಗುತ್ತಿರುವಾಗ ಮಾತ್ರ ಬಿಚ್ಚಲಾಗದು. ಇದರ ಕೊರತೆ ಬೇರೆ: ಹೊಸ, ಪೆಡಸಾದ ನೈಲಾನಿನಲ್ಲಿ ಹಗ್ಗ ಸುಮ್ಮನೆ ಅಲುಗಾಡುತ್ತಿದ್ದರೆ ತುದಿ ಮೆಲ್ಲಗೆ ಜಾರಿ ಹೊರಬರುತ್ತದೆ. ಗೇಣುದ್ದ ತುದಿ ಬಿಟ್ಟು, ಅದರಿಂದ ಕುಣಿಕೆಯ ಪಕ್ಕದ ಎಳೆಗೆ ಇನ್ನೊಂದು ಗಂಟು ಬಿಗಿದ ಮೇಲೆ ನನಗೆ ಆ ತಲೆನೋವು ಬರಲಿಲ್ಲ.

ಎಂಟರ ಗಂಟು ಬೆಟ್ಟ ಹತ್ತುವವರದ್ದು. ಒಂಟಿ ಹಗ್ಗದಲ್ಲಿ ಎಂಟು ಬರೆದು, ಕಾಂಡ ಬಳಸಿ, ತುದಿಯನ್ನು ಅದೇ ಜಾಡಿನಲ್ಲಿ ಹಿಂದಕ್ಕೆ ಹೊಲಿದಂತೆ ತರಬೇಕು. ನಿಧಾನದ ಕೆಲಸ. ಆದರೆ ಜೋಡಿ ಎಳೆಗಳು ಸಾಲಾಗಿ ಕೂತಿವೆಯೇ ಎಂದು ಕೆಳಗೆ ನಿಂತವನೂ ನೋಡಿ ಹೇಳಬಹುದು. ಬೋಲೈನ್ ತಪ್ಪಿದ್ದರೆ ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳದು. ಗಂಟು ಹಾಕಿದಲ್ಲಿ ಯಾವ ಹಗ್ಗಕ್ಕೂ ಬಲ ಕುಗ್ಗುತ್ತದೆ, ಎಂಟರಲ್ಲಿ ಸಾಮಾನ್ಯವಾಗಿ ತುಸು ಕಡಿಮೆ ಕುಗ್ಗುತ್ತದೆ. ಬಿಚ್ಚುವಾಗ ಬೆವರಿಳಿಯಿತು. ಮಳೆಹನಿಗೆ ನೆಂದ ಹಗ್ಗ ಭಾರಕ್ಕೆ ಕಚ್ಚಿಕೊಂಡು ಕೂತಿತ್ತು. ಸ್ಕ್ರೂಡ್ರೈವರ್ ಹಾಕಿ ಮೀಟುತ್ತಿದ್ದರೆ ಮರ ಹತ್ತುವವರು, “ಕತ್ತಿ ಕೊಡ್ರಣ್ಣ, ಕೊಯ್ದೇ ಬಿಡ್ತೀನಿ” ಅಂದರು.

ಕೊಂಬೆ ಇಳಿಸಲು ನನ್ನ ಮತ ಬೋಲೈನಿಗೆ. ದಿನವಿಡೀ ಕಟ್ಟುವುದು, ಬಿಚ್ಚುವುದೇ ಅಲ್ಲವೇ. ಮನುಷ್ಯರ ಜೀವ ನೇತಾಡುವ ಹಗ್ಗಕ್ಕೆ ಎಂಟರ ಗಂಟೇ, ಅದೂ ಸೊಂಟ-ತೊಡೆಗೆ ತೊಡುವ ಪಟ್ಟಿಯಾದ ಹಾರ್ನೆಸ್‌ಗೆ, ಬರೀ ಸೊಂಟಕ್ಕಲ್ಲ. ಒರಟು ತೆಂಗಿನ ನಾರಿನ ಹಗ್ಗಕ್ಕೆ ಬೋಲೈನ್ ಚೆನ್ನಾಗಿ ಕಚ್ಚುತ್ತದೆ. ನುಣ್ಣನೆಯ ಪ್ಲಾಸ್ಟಿಕ್ ಹಗ್ಗಕ್ಕೆ ಮೇಲಿನ ಆ ಇನ್ನೊಂದು ಗಂಟು ಇಲ್ಲದೆ ನಾನು ಹಾಕುವುದಿಲ್ಲ.