ಪೀಣ್ಯದ ನಮ್ಮ ಮಷೀನ್ ಶಾಪ್‌ಗೆ ಆರು ತಿಂಗಳ ಸಲಹೆಗಾರರು: ಯಾವುದು ಉಪಯೋಗಕ್ಕೆ ಬಂತು, ಯಾವುದು ಬರಲಿಲ್ಲ

ಪೀಣ್ಯ 2ನೇ ಹಂತದಲ್ಲಿ ನಾನು ಮತ್ತು ನನ್ನ ತಮ್ಮ ಒಂದು ಮಷೀನ್ ಶಾಪ್ ನಡೆಸುತ್ತೇವೆ. ಸಿಎನ್‌ಸಿ ಲೇತ್‌ಗಳು, ಎರಡು ಗ್ರೈಂಡಿಂಗ್ ಮಷೀನು, 46 ಜನ, ಎರಡು ಪಾಳಿ. ಕಳೆದ ವರ್ಷ ರಿಜೆಕ್ಷನ್, ಅಂದರೆ ತಪಾಸಣೆಯಲ್ಲಿ ತಿರಸ್ಕೃತವಾಗುವ ಪೀಸ್, ಜಾಸ್ತಿಯಾಯಿತು. ನಾವೇ ಕೆಲಸ ಕಲಿಸಿದ ಹುಡುಗರು ಒಬ್ಬೊಬ್ಬರಾಗಿ ಪಕ್ಕದ ರಸ್ತೆಯ ಕಾರ್ಖಾನೆಗೆ ಹೋಗತೊಡಗಿದರು. ಆಗ ಒಂದು ಸಲಹಾ ಸಂಸ್ಥೆಯನ್ನು ಕರೆಸಿದೆವು. ಕೆಲಸಗಾರರು ಮನಸ್ಸಿಟ್ಟು ದುಡಿಯಬೇಕು, ಕಂಪನಿಯ ಗುರಿ ಮತ್ತು ಮಷೀನ್ ಮುಂದೆ ನಿಂತವನ ಕೆಲಸ ಒಂದೇ ದಿಕ್ಕಿನಲ್ಲಿ ಹೋಗಬೇಕು, ಅದಕ್ಕೆ ಬೇಕಾದ್ದನ್ನು ಮಾಡಿಕೊಡುತ್ತೇವೆ ಅಂದರು. ಆರು ತಿಂಗಳಿಗೆ ಒಂದೂವರೆ ಲಕ್ಷ, ಮೇಲೆ ಜಿಎಸ್‌ಟಿ. ಸಂಸ್ಥೆಯ ಹೆಸರು ಹಾಕುವುದಿಲ್ಲ. ನಾನು ಹೇಳುವ ವಿಷಯ ನೀವು ಯಾರನ್ನು ಕರೆಸಿದರೂ ಉಪಯೋಗಕ್ಕೆ ಬರುತ್ತದೆ.

ಮೊದಲ ತಿಂಗಳು ಪೂರ್ತಿ ದಂಡ. ಮೊಬೈಲ್‌ನಲ್ಲಿ ಒಂದು ಆ್ಯಪ್ ಹಾಕಿಸಿ ಐವತ್ತು ಪ್ರಶ್ನೆ ಕೊಟ್ಟರು, ಎಲ್ಲಾ ಇಂಗ್ಲಿಷ್. ನಮ್ಮಲ್ಲಿ ಇರುವವರು ಶಿರಾ, ಹಾಸನ, ರಾಯಚೂರು ಕಡೆಯವರು, ಒಡಿಶಾದ ಹುಡುಗರೂ ಇದ್ದಾರೆ. ಅವರು ಊಟದ ಹೊತ್ತಿನಲ್ಲಿ ಸುಮ್ನೆ ಎಲ್ಲದಕ್ಕೂ ಒಂದೇ ಉತ್ತರ ಒತ್ತಿ ಮುಗಿಸಿದರು. ಅದನ್ನೇ ಬಣ್ಣದ ಚಾರ್ಟ್ ಮಾಡಿ ನಮಗೆ ತೋರಿಸಿದರು. ಆಮೇಲೆ ‘ತಿಂಗಳ ಉತ್ತಮ ನೌಕರ’ ಅಂತ ಒಬ್ಬನ ಫೋಟೋ ಗೋಡೆಗೆ ಹಾಕಿಸಿದರು. ಅವನ ಜೊತೆ ಕೆಲಸ ಮಾಡುವವರು ಒಂದು ವಾರ ಅವನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಅವನೇ ಬಂದು ಫೋಟೋ ತೆಗೆಸಿ ಅಂದ.

ನಾವು ಗಟ್ಟಿಯಾಗಿ ಹೇಳಿದ ಮೇಲೆ ಎರಡನೇ ತಿಂಗಳಿಂದ ಬೇರೆ ತರಬೇತುದಾರರನ್ನು ಕಳಿಸಿದರು. ಹಿರಿಯರು, ಹಿಂದೆ ಟೂಲ್ ರೂಮಿನಲ್ಲಿ ಕೆಲಸ ಮಾಡಿದವರು, ಕನ್ನಡ ಹಿಂದಿ ಎರಡೂ ಬರುತ್ತಿತ್ತು. ಈ ವಿಮರ್ಶೆ ಬರೆಯುತ್ತಿರುವುದೇ ಅವರು ಮಾಡಿದ ಕೆಲಸದಿಂದ. ಬಂದ ದಿನವೇ ಒಂದೊಂದು ಮಷೀನ್ ಹತ್ತಿರ ನಿಂತು ಒಂದೇ ಪ್ರಶ್ನೆ ಕೇಳಿದರು: ಈ ಪೀಸ್ ಎಲ್ಲಿಗೆ ಹೋಗುತ್ತೆ? ಒಂಬತ್ತು ವರ್ಷದಿಂದ ನಮ್ಮಲ್ಲಿ ಲೇತ್ ಮೇಲೆ ಬುಶ್ (ಕೊಳವೆಯಂಥ ಲೋಹದ ಭಾಗ) ತಿರುಗಿಸುತ್ತಿರುವ ಆಪರೇಟರ್‌ಗೆ ಅದು ಟ್ರ್ಯಾಕ್ಟರ್‌ನ ಹೈಡ್ರಾಲಿಕ್ ಲಿಫ್ಟ್‌ಗೆ ಹೋಗುತ್ತದೆ ಅಂತ ಗೊತ್ತಿರಲಿಲ್ಲ. ಅವರ ಮನೆಯಲ್ಲೇ ಟ್ರ್ಯಾಕ್ಟರ್ ಇದೆ. “ನಮ್ಮ ಗಾಡಿಲಿರೋದು ಇದೇನಾ ಸಾರ್?” ಅಂತ ಪೀಸನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ನನಗೆ ನಾಚಿಕೆಯಾಯಿತು. ಒಂಬತ್ತು ವರ್ಷ ಡ್ರಾಯಿಂಗ್ ಕೊಟ್ಟಿದ್ದೇವೆ, ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನುವುದು) ಹೇಳಿದ್ದೇವೆ, ಆದರೆ ಬೋರ್, ಅಂದರೆ ಒಳಗಿನ ತೂತಿನ ಅಳತೆ ತಪ್ಪಿದರೆ ಹೊಲದಲ್ಲಿ ನೇಗಿಲು ಎತ್ತಿದ ಜಾಗದಲ್ಲಿ ನಿಲ್ಲದೆ ಕೆಳಗಿಳಿಯಬಹುದು ಅಂತ ಒಂದು ಮಾತು ಹೇಳಿರಲಿಲ್ಲ.

ದೊಡ್ಡ ಪಾಠ ಇನ್ಸೆಂಟಿವ್ ವಿಷಯದಲ್ಲಿ ಸಿಕ್ಕಿತು. ನಮ್ಮಲ್ಲಿ ದಿನದ ಲೆಕ್ಕ ದಾಟಿಸಿದ ಪೀಸ್‌ಗಳಿಗೆ ಹೆಚ್ಚುವರಿ ದುಡ್ಡು ಕೊಡುತ್ತಿದ್ದೆವು. ಸಂಜೆ ರಿಜೆಕ್ಷನ್ ನೋಡಿ ಕೂಗಾಡುತ್ತಿದ್ದೆವು. ಎಲ್ಲರನ್ನೂ ಕೂರಿಸಿ ಮಾತಾಡಿಸಿದಾಗ ಒಬ್ಬ ಹುಡುಗ ಎದ್ದು ಹೇಳಿದ, “ನೀವು ದುಡ್ಡು ಕೊಡೋದು ಪೀಸಿಗೆ, ಬೈಯೋದು ರಿಜೆಕ್ಷನ್‌ಗೆ. ನಾವು ಯಾವುದನ್ನ ಕೇಳಬೇಕು ಸಾರ್?” ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ಇನ್ಸರ್ಟ್ (ಲೋಹ ಕತ್ತರಿಸುವ ಟೂಲಿನ ತುದಿ) ಸವೆದಿದೆ ಅಂತ ಗೊತ್ತಿದ್ದರೂ ಬದಲಾಯಿಸಲು ಮಷೀನ್ ನಿಲ್ಲಿಸಿದರೆ ಅವನ ದುಡ್ಡೇ ಹೋಗುತ್ತಿತ್ತು, ಹಾಗಾಗಿ ಅವನು ನಿಲ್ಲಿಸುತ್ತಿರಲಿಲ್ಲ. ತಪ್ಪು ಅವನದಲ್ಲ, ನಾವು ಹಾಕಿದ ನಿಯಮದ್ದು ಅಲ್ವಾ? ಈಗ ಇನ್‌ಸ್ಪೆಕ್ಷನ್ ಪಾಸಾದ ಪೀಸ್ ಮಾತ್ರ ಲೆಕ್ಕ, ಇನ್ಸರ್ಟ್ ಬದಲಾಯಿಸುವ ಸಮಯಕ್ಕೆ ಏನೂ ಕಡಿತ ಇಲ್ಲ. ಈ ಒಂದು ಬದಲಾವಣೆಗೇ ಕೊಟ್ಟ ದುಡ್ಡು ಬಂತು ಅಂತ ನಾನು ಹೇಳುತ್ತೇನೆ.

ಇದರ ಹಿಂದಿನ ಪದ್ಧತಿಗೆ ಹೋಶಿನ್ ಕಾನ್ರಿ ಅನ್ನುತ್ತಾರೆ. 1960ರ ದಶಕದಲ್ಲಿ ಜಪಾನಿನ ಕಾರ್ಖಾನೆಗಳಲ್ಲಿ ಬೆಳೆದದ್ದು. ವರ್ಷಕ್ಕೆ ಒಂದೆರಡು ಗುರಿ ಇಟ್ಟುಕೊಳ್ಳಬೇಕು. ಅದನ್ನು ಮೇಲಿನಿಂದ ಹೇರಬಾರದು. ಕೆಳಗಿನವರಿಗೆ ಕೊಡಬೇಕು, ಅವರು ‘ಇದು ಆಗುತ್ತೆ, ಇದು ಆಗಲ್ಲ, ಇದಕ್ಕೆ ಇದು ಬೇಕು’ ಅಂತ ವಾಪಸ್ ಕಳಿಸಬೇಕು, ಚೆಂಡು ಎಸೆದು ಹಿಡಿದ ಹಾಗೆ. ಅದಕ್ಕೇ ಕ್ಯಾಚ್‌ಬಾಲ್ ಅನ್ನುವುದು. ಚೆನ್ನೈನ ಸುಂದರಂ ಕ್ಲೇಟನ್ 1998ರಲ್ಲಿ ಗುಣಮಟ್ಟಕ್ಕೆ ಜಪಾನ್ ಕೊಡುವ ಡೆಮಿಂಗ್ ಪ್ರಶಸ್ತಿ ಪಡೆದದ್ದು ನೆನಪಿತ್ತು, ಇದೆಲ್ಲ ಅಂಥ ದೊಡ್ಡವರಿಗೆ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ನಮ್ಮಂಥವರಿಗೆ ಇನ್ನೂ ಸುಲಭ. ನನಗೂ ಆಪರೇಟರ್‌ಗೂ ನಡುವೆ ಒಬ್ಬ ಸೂಪರ್‌ವೈಸರ್ ಬಿಟ್ಟರೆ ಯಾರೂ ಇಲ್ಲ.

ಸಲಹೆ ಚೀಟಿ ಹಾಕುವ ಪೆಟ್ಟಿಗೆ ನಮ್ಮಲ್ಲಿ ಮೊದಲೂ ಇತ್ತು, ಖಾಲಿ ಇರುತ್ತಿತ್ತು. ಟೊಯೋಟಾದಲ್ಲಿ ಕೆಲಸಗಾರರ ಸಲಹೆ ಪಡೆಯುವ ವ್ಯವಸ್ಥೆ 1951ರಿಂದ ಇದೆ. ಅದು ನಡೆಯುವುದು ಪೆಟ್ಟಿಗೆಯಿಂದ ಅಲ್ಲ, ಉತ್ತರ ಕೊಡುವುದರಿಂದ ಅಂತ ತರಬೇತುದಾರರು ಹೇಳಿದರು. ಎರಡು ದಿನದೊಳಗೆ ಆಗುತ್ತೆ, ಆಗಲ್ಲ, ಯಾಕೆ ಆಗಲ್ಲ ಅಂತ ಬೋರ್ಡ್ ಮೇಲೆ ಬರೆಯಬೇಕು. ಶುರು ಮಾಡಿದೆವು. ಮೊದಲು ಬಂದದ್ದು ಫ್ಯಾನ್, ಕುಡಿಯುವ ನೀರು, ಶೌಚಾಲಯದ ಬಾಗಿಲಿನ ಚಿಲಕ. ಇದು ಉತ್ಪಾದನೆಗೆ ಸಂಬಂಧ ಇಲ್ಲ ಅಂತ ತಮ್ಮ ಅಂದ. ಅದನ್ನು ಮೊದಲು ಮಾಡಿ, ಆಮೇಲೆ ನೋಡಿ ಅಂದರು ಅವರು. ಚಿಲಕ ಹಾಕಿಸಿದ ಮೇಲೆ ಮಷೀನ್ ಬಗ್ಗೆ ಚೀಟಿ ಬರತೊಡಗಿತು.

ರಾತ್ರಿ ಪಾಳಿಯಲ್ಲೇ ಯಾಕೆ ತುಕ್ಕಿನ ದೂರು ಜಾಸ್ತಿ ಅನ್ನುವುದೂ ಹೀಗೇ ಗೊತ್ತಾಯಿತು. ಕೂಲೆಂಟ್‌ಗೆ (ಕತ್ತರಿಸುವಾಗ ಬಿಸಿ ತಗ್ಗಿಸಲು ಸುರಿಯುವ ದ್ರವ) ನೀರು ಎಷ್ಟು ಬೆರೆತಿದೆ ಅಂತ ನೋಡುವ ರಿಫ್ರ್ಯಾಕ್ಟೋಮೀಟರ್ ಕ್ಯೂಸಿ (ಗುಣಮಟ್ಟ ತಪಾಸಣೆಯ) ರೂಮಿನಲ್ಲಿ ಇರುತ್ತಿತ್ತು, ಸಂಜೆ ಆರಕ್ಕೆ ಆ ರೂಮಿಗೆ ಬೀಗ. ರಾತ್ರಿಯವರು ಅಂದಾಜಿಗೆ ನೀರು ಸುರಿಯುತ್ತಿದ್ದರು. ನೀರು ಹೆಚ್ಚಾದರೆ ಪೀಸ್ ತುಕ್ಕು ಹಿಡಿಯುತ್ತದೆ, ಟೂಲೂ ಬೇಗ ಹೋಗುತ್ತದೆ. ಈಗ ರಿಫ್ರ್ಯಾಕ್ಟೋಮೀಟರ್ ಶಾಪ್ ಫ್ಲೋರ್‌ನಲ್ಲೇ ಇದೆ. ಒಟ್ಟು ರಿಜೆಕ್ಷನ್ ನೂರಕ್ಕೆ ಆರೇಳು ಇದ್ದದ್ದು ಎರಡರ ಆಸುಪಾಸಿಗೆ ಬಂದಿದೆ. ಕಳೆದ ನಾಲ್ಕು ತಿಂಗಳಲ್ಲಿ ಬಿಟ್ಟು ಹೋದವನು ಒಬ್ಬನೇ, ಅವನೂ ಊರಲ್ಲಿ ಜಮೀನು ನೋಡಿಕೊಳ್ಳಲು.

ಐದರಲ್ಲಿ ಮೂರೂವರೆ ಕೊಡುತ್ತೇನೆ. ತರಬೇತುದಾರರಿಗೆ ಐದು, ಸಂಸ್ಥೆಯ ಆ್ಯಪ್ ಮತ್ತು ಚಾರ್ಟ್‌ಗಳಿಗೆ ಒಂದೂ ಇಲ್ಲ. ದುಡ್ಡಿನ ಚಿಂತೆ ಇರುವ ಸಣ್ಣ ಕಾರ್ಖಾನೆಯವರು ಮೊದಲು ಸಣ್ಣ ಉದ್ಯಮಗಳಲ್ಲಿ ವ್ಯರ್ಥ ತಗ್ಗಿಸಲು ಇರುವ ಕೇಂದ್ರ ಸರ್ಕಾರದ ಎಂಎಸ್‌ಎಂಇ ಲೀನ್ ಯೋಜನೆ ನೋಡಿ. 2023ರ ಮಾರ್ಚ್‌ನಲ್ಲಿ ಹೊಸದಾಗಿ ಶುರುವಾದದ್ದು, ಸಲಹೆಗಾರರ ಖರ್ಚಿನಲ್ಲಿ ಶೇ 90 ಸರ್ಕಾರ ಕೊಡುತ್ತದೆ. ಯಾರನ್ನೇ ಕರೆಸಿ, ಸಹಿ ಹಾಕುವ ಮುಂಚೆ ಶಾಪ್ ಫ್ಲೋರ್‌ಗೆ ಬರುವ ವ್ಯಕ್ತಿಯನ್ನೇ ಭೇಟಿ ಮಾಡಿಸಿ ಅಂತ ಕೇಳಿ. ಮೊದಲ ವಾರದಲ್ಲೇ ರಾತ್ರಿ ಪಾಳಿಯವರ ಜೊತೆ ಒಂದು ಸಭೆ ಅಂತ ಒಪ್ಪಂದದಲ್ಲೇ ಬರೆಸಿಕೊಳ್ಳಿ. ನಮ್ಮಲ್ಲಿ ಆ ಸಭೆ ಆದದ್ದು ಮೂರನೇ ತಿಂಗಳಲ್ಲಿ.