ನೆಲ್ಲಿ ಮರದ ಬುಡದಲ್ಲಿ ಟ್ರೇಲ್ ಕ್ಯಾಮೆರಾ: ನಾಲ್ಕು ವರ್ಷ ಬಳಸಿದ ಮೇಲೆ

ಕೊಡಗಿನ ತಿತಿಮತಿ ಕಡೆ ನಮ್ಮದೊಂದು ರೋಬಸ್ಟಾ ಕಾಫಿ ತೋಟ. ಮೇಲ್ಗಡೆ ಬೇಲಿ ದಾಟಿದರೆ ಕಾಡು, ಕೆಳಗಡೆ ಕೊಲ್ಲಿ (ಸಣ್ಣ ತೊರೆ), ನಡುವೆ ಎರಡು ಹಳೇ ನೆಲ್ಲಿ ಮರ. 2021ರ ಅಕ್ಟೋಬರ್‌ನಲ್ಲಿ 11,500 ರೂಪಾಯಿ ಕೊಟ್ಟು ಒಂದು ಟ್ರೇಲ್ ಕ್ಯಾಮೆರಾ (ಮರಕ್ಕೆ ಕಟ್ಟಿಟ್ಟರೆ ಪ್ರಾಣಿ ಬಂದಾಗ ತಾನಾಗಿ ಚಿತ್ರ ತೆಗೆಯುವಂಥದ್ದು) ತರಿಸಿದೆ. ಹೊಸ ಅಡಿಕೆ ಸಸಿಗಳನ್ನು ಯಾವ ಪ್ರಾಣಿ ಮೇಯುತ್ತಿದೆ ಅಂತ ಪತ್ತೆ ಹಚ್ಚಬೇಕು ಅಂತ ಮನೆಯಲ್ಲಿ ಹೇಳಿದ್ದೆ. ಆದರೆ ನನ್ನ ಮನಸ್ಸಿನಲ್ಲಿದ್ದದ್ದು ಕಡವೆ. ಚಿಕ್ಕಂದಿನಿಂದ ರಾತ್ರಿ ಅದರ ಕೂಗು ಕೇಳಿದ್ದೇನೆ, ಬೆಳಿಗ್ಗೆ ಕೆಸರಿನಲ್ಲಿ ಗೊರಸಿನ ಗುರುತು ನೋಡಿದ್ದೇನೆ. ಪ್ರಾಣಿಯನ್ನೇ ಕಣ್ತುಂಬ ನೋಡಿದ್ದು ಬೆರಳೆಣಿಕೆಯಷ್ಟು ಸಲ.

ಮೊದಲ ಎರಡು ತಿಂಗಳು ಕ್ಯಾಮೆರಾ ದಂಡ ಅನ್ನಿಸಿಬಿಟ್ಟಿತ್ತು. ಕಾಡುಹಂದಿ, ಮುಳ್ಳುಹಂದಿ, ಪುನುಗುಬೆಕ್ಕು, ನಮ್ಮದೇ ನಾಯಿ. ಕಡವೆ ಬಂದರೂ ಒಂದೇ ಚಿತ್ರ: ದೂರದಲ್ಲಿ ನಿಂತು, ಕಿವಿ ನಿಮಿರಿಸಿ, ನೇರ ಕ್ಯಾಮೆರಾ ಕಡೆ ನೋಟ. ಮುಂದಿನ ಚಿತ್ರದಲ್ಲಿ ಖಾಲಿ ಜಾಗ. ಲೈಟಿಗೆ ಹೆದರುತ್ತಿದೆ ಅಂದುಕೊಂಡೆ. ಆದರೆ ಇದರಲ್ಲಿರುವುದು 940 ನ್ಯಾನೋಮೀಟರ್ ಇನ್‌ಫ್ರಾರೆಡ್ ದೀಪ, 850ರ ದೀಪಗಳ ಹಾಗೆ ಮಂದ ಕೆಂಪಗೂ ಕಾಣುವುದಿಲ್ಲ.

ಆಗ ಪೆನ್ಸಿಲ್ವೇನಿಯಾದಲ್ಲಿರುವ ದೊಡ್ಡಪ್ಪನ ಮಗನ ಹತ್ತಿರ ಫೋನಿನಲ್ಲಿ ಮಾತಾಡಿದೆ. ಅಣ್ಣ ಅಲ್ಲಿ ಲೈಸೆನ್ಸ್ ಪಡೆದು ಬಿಲ್ಲು ಹಿಡಿದು ಬೇಟೆಗೆ ಹೋಗುವವನು. ಅಲ್ಲಿನ ಬಿಳಿಬಾಲದ ಜಿಂಕೆಗೆ ನವೆಂಬರ್ ಅಂದರೆ ಬೆದೆಯ ಕಾಲ. ಗಂಡು ಜಿಂಕೆ ನೆಲ ಕೆರೆದು, ಹಿಂಗಾಲಿನ ಗ್ರಂಥಿಯ ಮೇಲೆ ಮೂತ್ರ ಸುರಿಸಿ, ತಲೆಯ ಮೇಲಿನ ಕೊಂಬೆಯನ್ನು ಕಚ್ಚಿ ಉಜ್ಜಿ ತನ್ನ ವಾಸನೆ ಬಿಟ್ಟು ಹೋಗುತ್ತದೆ. ಬೇಟೆಗಾರರು ಅದೇ ರೀತಿ ಸುಳ್ಳು ಕೆರೆತ ಮಾಡಿ, ಬೆದೆಗೆ ಬಂದ ಹೆಣ್ಣಿನ ಮೂತ್ರದ ಹನಿ ಬಿಟ್ಟು ಕಾಯುತ್ತಾರೆ. ಅಂಗಡಿಯಲ್ಲಿ ಬಾಟಲಿಯಲ್ಲೇ ಸಿಗುತ್ತದಂತೆ. "ಬರುವಾಗ ಒಂದು ತರಲಾ?" ಅಂದ. ಬೇಡ ಅಂದೆ.

ಯಾಕೆ ಬೇಡ ಅಂದೆ ಅಂತ ಇಲ್ಲಿ ಬಿಡಿಸಿ ಬರೆಯಲೇಬೇಕು, ಏಕೆಂದರೆ ನಮ್ಮ ಕಡೆ ಇದನ್ನು ಹಗುರವಾಗಿ ತೆಗೆದುಕೊಳ್ಳುವವರನ್ನು ನೋಡಿದ್ದೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಗುಂಡು ಹೊಡೆಯುವುದು ಮಾತ್ರ ಅಲ್ಲ. ಉರುಳು ಹಾಕುವುದು, ಅಟ್ಟುವುದು, ಆಮಿಷ ಒಡ್ಡುವುದು ಎಲ್ಲ ಅದರೊಳಗೇ ಬರುತ್ತವೆ, ಪ್ರಯತ್ನ ಪಟ್ಟರೂ ಅಷ್ಟೇ. ಜಾಗ ನಮ್ಮದೇ ಆದರೂ ಅದರ ಮೇಲೆ ಓಡಾಡುವ ಪ್ರಾಣಿ ನಮ್ಮದಲ್ಲ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ಕೊಡಗಿನ ವಂಶಪಾರಂಪರ್ಯ ಜಮೀನು ಹೊಂದಿದವರಿಗೆ) ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ 10 ವರ್ಷಕ್ಕೆ ಮುಂದುವರಿಸಿತು. ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಕೊಟ್ಟದ್ದು. ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ತೆಂಗಿನಕಾಯಿಗೆ ಗುರಿ ಇಡಬಹುದು, ಕಡವೆಗೆ ಇಡುವ ಹಾಗಿಲ್ಲ.

ಇನ್ನೊಂದು ಕಾರಣ ರೋಗ. 1967ರಲ್ಲಿ ಕೊಲರಾಡೋದಲ್ಲಿ ಸಾಕಿದ ಜಿಂಕೆಗಳಲ್ಲಿ ಮೊದಲು ಕಂಡ, ಮಿದುಳು ಸವೆಸಿ ಕೊಲ್ಲುವ ಕಾಯಿಲೆಯೊಂದಿದೆ. ಅದನ್ನು ತರುವ ಪ್ರಿಯಾನ್ ಎಂಬ ಪ್ರೋಟೀನ್ ಜಿಂಕೆಯ ಜೊಲ್ಲು, ಮೂತ್ರದಲ್ಲಿ ಹೊರಬಿದ್ದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. 2016ರಲ್ಲಿ ನಾರ್ವೆಯ ಹಿಮಸಾರಂಗಕ್ಕೂ ಬಂತು. ವರ್ಜೀನಿಯಾ ರಾಜ್ಯ 2015ರಲ್ಲೇ ಜಿಂಕೆ ಮೂತ್ರದ ಬಾಟಲಿಗಳನ್ನು ಬೇಟೆಯಲ್ಲಿ ಬಳಸಬಾರದು ಅಂತ ನಿಷೇಧಿಸಿತು. ಅಂಥದ್ದೊಂದು ಹನಿಯನ್ನು ನಾಗರಹೊಳೆಯ ಅಂಚಿನ ಮಣ್ಣಿಗೆ ಬೀಳಿಸುವ ಯೋಚನೆಗೇ ಮೈ ಜುಮ್ ಅನ್ನುತ್ತದೆ.

ಕೊನೆಗೆ ದಾರಿ ತೋರಿಸಿದ್ದು ನಮ್ಮ ತೋಟದ ಹಿರಿಯ ಕೆಲಸಗಾರ, ಜೇನು ಕುರುಬರವರು. ಕ್ಯಾಮೆರಾದ ಮೆಮೊರಿ ಕಾರ್ಡ್ ಬದಲಿಸಲು ನನ್ನ ಜೊತೆ ಬಂದವರು ಮರದ ಹತ್ತಿರ ನಿಂತು ಮೂಗು ಅರಳಿಸಿದರು. "ಮಿಷನ್‌ಗೆ ಹೆದರೋದಲ್ಲ ಅಣ್ಣ. ನಿಮ್ಮ ಸೋಪು, ಜಿಗಣೆಗೆ ಹಚ್ಚಿದ ಹೊಗೆಸೊಪ್ಪು, ಎಲ್ಲ ಇಲ್ಲೇ ಕೂತಿದೆ. ಅದಕ್ಕೆ ನೀವು ಇನ್ನೂ ಇಲ್ಲೇ ಇದ್ದೀರಿ."

ಮೂರು ದಿನಕ್ಕೊಮ್ಮೆ ಆಸೆಗೆ ಹೋಗಿ ಕಾರ್ಡ್ ತೆಗೆಯುತ್ತಿದ್ದವನು ನಾನು. ಪಟ್ಟಿ ಬಿಗಿಯುವಾಗ ಕೈ, ಎದೆ, ಮೊಣಕಾಲು ಎಲ್ಲ ಮರಕ್ಕೆ ಉಜ್ಜುತ್ತಿತ್ತು. ಗಾಳಿಯ ಲೆಕ್ಕವನ್ನೂ ನೋಡಿರಲಿಲ್ಲ. ಸಂಜೆ ಬಿಸಿಲು ಇಳಿದ ಮೇಲೆ ತಣ್ಣಗಿನ ಗಾಳಿ ಇಳಿಜಾರಿನಲ್ಲಿ ಕೊಲ್ಲಿಯ ಕಡೆ ಜಾರುತ್ತದೆ, ಬೆಳಿಗ್ಗೆ ಬಿಸಿಲೇರಿದ ಮೇಲೆ ಮೇಲಕ್ಕೆ ಏರುತ್ತದೆ. ಕಡವೆ ನೀರು ಕುಡಿದು ಕೊಲ್ಲಿಯಿಂದ ಹತ್ತಿ ಬರುವುದು ರಾತ್ರಿ. ನಾನು ಕ್ಯಾಮೆರಾ ಕಟ್ಟಿದ್ದು ಮೇಲ್ಗಡೆ. ನನ್ನ ವಾಸನೆ ನೇರವಾಗಿ ಅದರ ಮೂಗಿಗೆ ಹೋಗುತ್ತಿತ್ತು. ನಮ್ಮ ಅಜ್ಜ ಹಳೇ ಬಟ್ಟೆಯಲ್ಲಿ ಒಲೆಯ ಬೂದಿ ಕಟ್ಟಿಕೊಂಡು, ಆಗಾಗ ಕೊಡವಿ ಗಾಳಿ ನೋಡುತ್ತಿದ್ದರು ಅಂತ ಅಪ್ಪ ಹೇಳುತ್ತಿದ್ದ ನೆನಪು ಆಗ ಬಂತು.

ಕ್ಯಾಮೆರಾವನ್ನು ನೆಲ್ಲಿ ಮರಗಳ ಕೆಳಬದಿಗೆ, ಆಳೆತ್ತರದ ಸಿಲ್ವರ್ ಓಕ್‌ಗೆ ಕಟ್ಟಿದೆ. ಮಧ್ಯಾಹ್ನದ ಹೊತ್ತಿಗೆ ಮಾತ್ರ, ತಿಂಗಳಿಗೊಮ್ಮೆ, ಸೋಪು ಹಾಕದೆ ಒಗೆದ ಬಟ್ಟೆಯಲ್ಲಿ ಹೋಗುವ ಅಭ್ಯಾಸ ಮಾಡಿಕೊಂಡೆ. ನಾನಾಗಿ ಏನನ್ನೂ ಹಾಕಿಲ್ಲ, ಒಂದು ಚಿಟಿಕೆ ಉಪ್ಪು ಕೂಡ. ಆ ಡಿಸೆಂಬರ್‌ನಲ್ಲಿ ಮರದಿಂದ ತಾನಾಗಿ ಉದುರಿದ ನೆಲ್ಲಿಕಾಯಿ ಸಾಕಾಯಿತು. ಕಾರ್ಡ್ ತೆರೆದರೆ ಜಿಂಕೆ, ಕಾಡುಕುರಿ (ಬೊಗಳುವ ಜಿಂಕೆ), ಕಡವೆ, ಮೂರೂ. ಕೆಲವು ದಿನ ಹಗಲಲ್ಲೇ ಕಾಡುಕುರಿ ಬಂದಿತ್ತು. ಸ್ವಲ್ಪ ದೂರದ ಪೊದೆಯ ಮರೆಯಲ್ಲಿ, ಅವು ಮಲಗಿ ಮೆಲುಕು ಹಾಕುವ ಜಾಗದಲ್ಲಿ, ಉಗುಳಿ ಬಿಟ್ಟ ನೆಲ್ಲಿ ಬೀಜಗಳ ಸಣ್ಣ ಗುಡ್ಡೆ ಕಂಡು ಕುಕ್ಕರುಗಾಲಿನಲ್ಲಿ ಕೂತು ಎಣಿಸಿದೆ. ನಲವತ್ತೊಂದು ಇದ್ದವು.

ನನ್ನ ಹತ್ತಿರ ಇರುವ ಅತ್ಯುತ್ತಮ ಚಿತ್ರಗಳು 2023ರ ಡಿಸೆಂಬರ್‌ನವು. ಬೆಳಗಿನ ಜಾವ 2:14. ಕೊಲ್ಲಿಯ ಕೆಸರಿನಲ್ಲಿ ಹೊರಳಿದ ಗಂಡು ಕಡವೆಯೊಂದು ಹಿಂದಿನ ರಾತ್ರಿ ಮರಕ್ಕೆ ಕುತ್ತಿಗೆ ಉಜ್ಜಿ ಹೋಗಿತ್ತು. ಈಗ ಹೆಣ್ಣೊಂದು ಬಂದು ಅದೇ ತೊಗಟೆಗೆ ಮೂಗು ತಾಗಿಸಿದೆ. ಕಣ್ಣಿನ ಕೆಳಗಿನ ಗ್ರಂಥಿ ಜೇಬು ತಿರುವಿ ಹೊರಗೆಳೆದ ಹಾಗೆ ಬಿಚ್ಚಿಕೊಂಡಿದೆ. ಅದಾದ ಎರಡನೇ ದಿನ ಅದೇ ಗಂಡು ಮತ್ತೆ ಬಂತು. ನೆಲ ಮೂಸಿ, ತಲೆ ಎತ್ತಿ, ಮೇಲ್ದುಟಿ ಸುರುಳಿ ಮಾಡಿ ನಿಂತಿದೆ. ಬಾಯೊಳಗೆ ಅಂಗುಳಿನ ಮೇಲಿರುವ ಇನ್ನೊಂದು ವಾಸನೆಯ ಅಂಗಕ್ಕೆ ಗಾಳಿ ಮುಟ್ಟಿಸುವ ರೀತಿ ಅದು. ಕಾರ್ಡ್ ತೆಗೆಯಲು ಹೋದಾಗ ನೋಡಿದರೆ ತೊಗಟೆಯ ಒಣಗಿದ ಕೆಸರಿನಲ್ಲಿ ಒರಟು ಕೂದಲು ಅಂಟಿತ್ತು, ಹತ್ತಿರ ಬಾಗಿದರೆ ನನ್ನ ಮೂಗಿಗೂ ಘಾಟು ಬಡಿಯಿತು. ಬಾಟಲಿಯ ಅವಶ್ಯಕತೆ ಯಾರಿಗೆ?

ಹಲಸಿನ ವಿಷಯದಲ್ಲಿ ತಪ್ಪು ಮಾಡಿದ್ದೇನೆ. 2022ರ ಜೂನ್‌ನಲ್ಲಿ ಉದುರಿದ ಹಣ್ಣನ್ನು ಎತ್ತಿಸದೆ ಬಿಟ್ಟೆ, ಕಡವೆ ಬರಲಿ ಅಂತ. ಬಂದದ್ದು ಆನೆ. ಎರಡು ಮೆಣಸಿನ ಬಳ್ಳಿಯ ಮರ ಉರುಳಿತು, ಕ್ಯಾಮೆರಾದ ಪಟ್ಟಿ ಹರಿದು ಪೆಟ್ಟಿಗೆ ಕಾಫಿ ಗಿಡದ ಬುಡದಲ್ಲಿ ಬಿದ್ದಿತ್ತು. ಬೆಳಿಗ್ಗೆ ಅದೇ ದಾರಿಯಲ್ಲಿ ಲೈನ್ ಮನೆಯ (ಕೆಲಸಗಾರರ ಸಾಲುಮನೆಯ) ಹೆಂಗಸರು ಕೆಲಸಕ್ಕೆ ಬರುತ್ತಾರೆ ಅನ್ನುವುದು ಆಮೇಲೆ ಹೊಳೆದು ನಡುಗಿದೆ. ಅಂದಿನಿಂದ ಹಲಸು ಎಳೆಯದಾಗಿರುವಾಗಲೇ ಕಡಿಸಿ ತೆಗೆಸುತ್ತೇನೆ.

ಇನ್ನು ಉಪಕರಣದ ಬಗ್ಗೆ. ಸೆನ್ಸರ್ ಹಿಡಿಯುವುದು ಸುತ್ತಲಿಗಿಂತ ಬೆಚ್ಚಗಿರುವ ಮೈ ಅಲುಗಾಡಿದಾಗ. ಹಾಗಾಗಿ ಕೊಡಗಿನ ಚಳಿರಾತ್ರಿಗೆ ಚೆನ್ನಾಗಿ ಒಗ್ಗುತ್ತದೆ, ಮಾರ್ಚ್ ಏಪ್ರಿಲ್‌ನ ಮಧ್ಯಾಹ್ನ ಮಂಕಾಗುತ್ತದೆ. ಬಿಸಿಲಿಗೆ ಕಾದ ಎಲೆ ಅಲ್ಲಾಡಿದರೂ, ಹೂವಿಗೆ ಸ್ಪ್ರಿಂಕ್ಲರ್ ಹಾಕಿದಾಗಲೂ ನೂರಾರು ಖಾಲಿ ಚಿತ್ರ. ಎಂಟು ಎಎ ಸೆಲ್ ಬೇಕು. ರೀಚಾರ್ಜ್ ಆಗುವ ಸೆಲ್ ಹಾಕಿದರೆ ನನಗೆ ಸುಮಾರು ಎರಡು ತಿಂಗಳು ಬರುತ್ತದೆ. ರಾತ್ರಿಯ ಚಿತ್ರ ಹರಳು ಹರಳು, ಕೋಡಿನ ಕವಲು ಎಣಿಸಲು ಸಾಕು.

ಮಳೆಗಾಲಕ್ಕೆ ಮಾತ್ರ ಇದನ್ನು ನಂಬಬೇಡಿ. ಎರಡನೇ ವರ್ಷದ ಜುಲೈಗೆ ಬಾಗಿಲಿನ ರಬ್ಬರ್ ಸಡಿಲವಾಗಿ ಲೆನ್ಸ್ ಒಳಗೆ ಹಬೆ ಕೂತಿತು. ಸೆಲ್ ಗೂಡಿನಲ್ಲಿ ಇರುವೆ ಮೊಟ್ಟೆ ಇಟ್ಟಿತ್ತು. ವಾರಂಟಿ ಇದ್ದರೂ ಮಾರಿದವರು ನೀರು ಹೋಗಿದೆ ಅಂದು ಕೈ ತೊಳೆದುಕೊಂಡರು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ನೀರು ಹೋಗುವುದಿಲ್ಲ ಅಂತ ಬರೆದಿರುವಾಗ ಇದು ಮೋಸ ಅಂತಲೇ ನನ್ನ ಅಭಿಪ್ರಾಯ. ಗೋಣಿಕೊಪ್ಪದ ರಿಪೇರಿ ಅಂಗಡಿಯಲ್ಲಿ ರಬ್ಬರ್ ಬದಲಿಸಿ, ಒಳಗೆ ಸಿಲಿಕಾ ಚೀಲ ಇಟ್ಟು, ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯ ಅಟ್ಟದಲ್ಲಿ ಇಡುತ್ತೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ, ಕಡಿಮೆ ಮಾಡಿದ ಒಂದು ಆ ರಬ್ಬರಿಗೆ. ಕೊಳ್ಳುವವರು ನಿಮ್ಮ ಬೇಲಿಯ ಒಳಗೇ ಕಟ್ಟಿ, ಮೀಸಲು ಅರಣ್ಯದಲ್ಲಿ ಇಲಾಖೆಯ ಅನುಮತಿ ಬೇಕು. ಜನ ಓಡಾಡುವ ದಾರಿಗೆ ಮುಖ ಮಾಡಬೇಡಿ. ಮೇಲ್ಗಡೆ ನೆಲ್ಲಿ ಮರ ಈ ಸಲ ಕಾಯಿ ಹಿಡಿದು ಕೊಂಬೆ ಬಾಗಿದೆ. ಹೊಸ ಸೆಲ್ ಹಾಕಿ ನಿನ್ನೆ ಮಧ್ಯಾಹ್ನ ಕಟ್ಟಿ ಬಂದೆ, ಇನ್ನು ತಿಂಗಳು ಆ ಕಡೆ ಹೋಗುವುದಿಲ್ಲ.